ಯಜಮಾನರ ಕುಡಿತ

ಮೂರನೆಯ ಸಾಲು ಓದಿ ಅಂತ ಅವಳು ಹೇಳಿದಾಗ ಕುರ್ಚಿಯಲ್ಲಿದ್ದ ಮುದುಕಿ ಓದಲಿಲ್ಲ. ಮೂಗನ್ನು ಎರಡು ಸಲ ಅರಳಿಸಿ, ‘ಅಕ್ಷರ ಕಾಣಿಸ್ತಿಲ್ಲ ಕಣಮ್ಮ, ಆದ್ರೆ ಬ್ರಾಂಡಿ ಅಂತ ಗೊತ್ತಾಗ್ತಿದೆ’ ಅಂದಳು. ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಪರದೆ ಎಳೆದು ಮಾಡಿಕೊಂಡ ಆ ಕತ್ತಲೆ ಗೂಡಿನಲ್ಲಿ ಇಬ್ಬರ ಮುಖಗಳ ನಡುವೆ ಇದ್ದದ್ದು ಒಂದು ಗೇಣು ಜಾಗ. ಹದಿನೇಳು ವರ್ಷದಿಂದ ಅವಳ ಕೆಲಸವೇ ಅದು: ಊರಿನವರ ಮುಖಕ್ಕೆ ಮುಖ ತಂದು, ಮೂಗಿನ ಮೇಲೆ ಕೂರಿಸಿದ ಚೌಕಟ್ಟಿಗೆ ಒಂದೊಂದೇ ಗಾಜು ಇಳಿಸಿ, ‘ಈಗ ಚೆನ್ನಾಗಿದೆಯಾ, ಆಗ ಚೆನ್ನಾಗಿತ್ತಾ’ ಅಂತ ಕೇಳುವುದು. ಎಷ್ಟು ಜನರ ಬಾಯಿವಾಸನೆಯನ್ನು ಅವಳು ಸಹಿಸಿಕೊಂಡಿರಲಿಲ್ಲ! ಈರುಳ್ಳಿ, ಹೊಗೆಸೊಪ್ಪು, ಹುಳುಕು ಹಲ್ಲು, ಒಬ್ಬ ಬ್ಯಾಂಕಿನ ಮ್ಯಾನೇಜರನ ಬಾಯಲ್ಲಂತೂ ಏನೋ ಸತ್ತು ಬಿದ್ದ ಹಾಗೆ. ಯಾರಿಗೂ ಒಂದು ಮಾತು ಅಂದವಳಲ್ಲ. ಈಗ ಈ ಮುದುಕಿ ಒಂದೇ ಉಸಿರಿಗೆ ಅವಳ ಹದಿನೇಳು ವರ್ಷದ ಸಭ್ಯತೆಯನ್ನು ಚಿಂದಿ ಮಾಡಿದ್ದಳು. ‘ಹಲ್ಲುನೋವು ಅಜ್ಜಿ, ಔಷಧಿ ಹಾಕ್ಕೊಂಡಿದೀನಿ’ ಅಂದಳು. ‘ನಮ್ಮನೆಯವರಿಗೂ ಮೂವತ್ತು ವರ್ಷ ಹಲ್ಲುನೋವಿತ್ತು ಬಿಡು’ ಅಂದಳು ಮುದುಕಿ. ‘ಬಾಯಲ್ಲಿ ಒಂದೂ ಹಲ್ಲು ಉಳಿಯದೆ ಹೋದ ಮೇಲೂ ನೋವು ನಿಲ್ಲಲಿಲ್ಲ.’ ಆಮೇಲೆ ಏನೂ ಆಗದವಳ ಹಾಗೆ ಗದ್ದ ಎತ್ತಿ, ‘ಟ... ರ... ಅದು ಲ ಇರಬೇಕು’ ಅಂತ ಓದತೊಡಗಿದಳು. ಅದು ಲ ಆಗಿರಲಿಲ್ಲ. ಆದರೂ ಅವಳು ಸರಿ ಅಂದುಬಿಟ್ಟಳು.

ಗಾಜು ಒರೆಸುವ ದ್ರಾವಣದ ಕಂದು ಬಾಟಲಿ ಮೇಜಿನ ಮೇಲೆ ಎಂದಿನಂತೆ ಮುಗ್ಧವಾಗಿ ನಿಂತಿತ್ತು. ಅದರಲ್ಲಿ ದ್ರಾವಣ ಇಲ್ಲದೆ ಎರಡು ವರ್ಷವಾಗಿತ್ತು. ಒಮ್ಮೆ ಅಂಗಡಿಯ ಮಾಲೀಕ ಅದರಿಂದಲೇ ತನ್ನ ಕನ್ನಡಕಕ್ಕೆ ಎರಡು ಹನಿ ಹಾಕಿ ಒರೆಸಿಕೊಂಡು, ‘ಈ ಸಲದ ಸರಕು ಯಾಕೋ ಅಂಟಂಟು’ ಅಂತ ಕಂಪನಿಯವರನ್ನು ಬೈದಿದ್ದ. ಅವಳೂ ಜೊತೆಗೆ ಎರಡು ಮಾತು ಸೇರಿಸಿ ಬೈದಿದ್ದಳು. ಕುಡಿಯುವುದಕ್ಕೆ ಅವಳಿಗೆ ಕಾರಣ ಇರಲಿಲ್ಲ. ಅವಳ ದೊಡ್ಡ ನಾಚಿಕೆ ಅದೇ. ಲೋಕದಲ್ಲಿ ಕುಡಿಯುವವರಿಗೆಲ್ಲ ಒಂದೊಂದು ಕಾರಣ ಇರುತ್ತದೆ, ಪ್ರೇಮಭಂಗವೋ, ವ್ಯಾಪಾರದಲ್ಲಿ ನಷ್ಟವೋ, ಹಾಳು ಗಂಡನೋ. ಅವಳ ಗಂಡ ಹಾಳಾಗಿರಲಿಲ್ಲ. ಮಗಳು ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ಚೆನ್ನಾಗಿ ಓದುತ್ತಿದ್ದಳು. ಅತ್ತೆ ಕೂಡ ಯಾರಿಗೂ ತೊಂದರೆ ಕೊಡದೆ ನಿದ್ದೆಯಲ್ಲೇ ತೀರಿಕೊಂಡಿದ್ದರು. ಆರು ವರ್ಷದ ಹಿಂದೆ ಗಾಜಿನ ಕಂಪನಿಯವರು ಹೋಟೆಲೊಂದರಲ್ಲಿ ಕರೆದಿದ್ದ ಸಭೆಯಲ್ಲಿ, ಮೂಗು ಸೊರಗುಟ್ಟುತ್ತಾ ಕೂತಿದ್ದ ಅವಳಿಗೆ ಯಾರೋ ಬಿಸಿನೀರಿಗೆ ಒಂದು ಮುಚ್ಚಳ ಬ್ರಾಂಡಿ ಬೆರೆಸಿ ಕೊಟ್ಟರು. ನೆಗಡಿ ಮೂರು ದಿನಕ್ಕೆ ಹೋಯಿತು, ಬ್ರಾಂಡಿ ಉಳಿಯಿತು. ಎರಡು ಸ್ಟಾಪು ಆಚೆಯ ಅಂಗಡಿಯಲ್ಲಿ ‘ಕೇಕಿಗೆ ಬೇಕಿತ್ತು’ ಅಂತ ಕೊಳ್ಳುತ್ತಿದ್ದಳು. ಅಲ್ಲಿಯವನು ಮೊದಮೊದಲು ನಂಬಿದ. ಆಮೇಲೆ, ‘ನಿಮ್ಮನೇಲಿ ದಿನಾ ಹುಟ್ಟಿದಹಬ್ಬ ಅಲ್ವಾ ಮೇಡಂ’ ಅನ್ನತೊಡಗಿದ. ಮನೆಯಲ್ಲಿ ಅದನ್ನು ರಬ್ಬರಿನ ಬಿಸಿನೀರ ಚೀಲದಲ್ಲಿ ತುಂಬಿಡುತ್ತಿದ್ದಳು. ಸೊಂಟನೋವು ಅಂತ ಚೀಲ ತಬ್ಬಿಕೊಂಡು ಮಲಗಿದ ಹೆಂಗಸನ್ನು ಯಾರು ಅನುಮಾನಿಸುತ್ತಾರೆ? ರಬ್ಬರಿನ ರುಚಿಗೆ ಅವಳ ನಾಲಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಲೋಟದಲ್ಲಿ ಕುಡಿದರೆ ಏನೋ ಕಡಿಮೆಯಾದ ಹಾಗೆ ಅನ್ನಿಸುತ್ತಿತ್ತು.

ಔಷಧಿ ಅಂಗಡಿಯ ಗೋಡೆಯ ಮೇಲೆ, ಮನೆಪಾಠದ ಜಾಹೀರಾತಿಗೂ ಮೂಲವ್ಯಾಧಿಯ ಜಾಹೀರಾತಿಗೂ ನಡುವೆ, ಒಂದು ಸಣ್ಣ ಚೀಟಿ ಇತ್ತು: ‘ಕುಡಿತ ಬಿಡಬೇಕೆ? ನಿಮ್ಮಂಥವರೇ ಇದ್ದೇವೆ.’ ಎರಡು ವರ್ಷದಿಂದ ಅದನ್ನು ಓದಿ ಅವಮಾನಪಟ್ಟುಕೊಂಡು ಮುಂದೆ ಹೋಗುತ್ತಿದ್ದಳು. ನಿಮ್ಮಂಥವರು ಅಂದರೆ ಎಂಥವರು? ಮುದುಕಿ ಬಂದುಹೋದ ಆ ಮಧ್ಯಾಹ್ನ, ಅಂಗಡಿಯ ಕಕ್ಕಸಿನೊಳಗೆ ಚಿಲಕ ಹಾಕಿಕೊಂಡು ಆ ನಂಬರಿಗೆ ಫೋನು ಮಾಡಿದಳು. ಆಚೆ ಕಡೆ ಒಬ್ಬ ವಯಸ್ಸಾದ ಗಂಡಸಿನ ಮೆತ್ತನೆಯ ದನಿ. ಅವಳು ಹಲೋ ಅಂದದ್ದೇ ತಡ, ‘ಯಜಮಾನರಿಗಾಮ್ಮಾ?’ ಅಂತ ಕೇಳಿತು. ಆ ಪ್ರಶ್ನೆಯಲ್ಲಿ ಎಂಥ ಮರುಕ ಇತ್ತೆಂದರೆ, ಅದನ್ನು ವಾಪಸು ಕೊಡಲು ಅವಳಿಗೆ ಮನಸ್ಸಾಗಲಿಲ್ಲ. ‘ಹೂಂ’ ಅಂದಳು. ಅಷ್ಟೇ ಅಂದದ್ದು. ಆ ಒಂದು ಅಕ್ಷರದಲ್ಲಿ, ಜೀವಮಾನದಲ್ಲಿ ಕೆಮ್ಮಿನ ಔಷಧಿಗಿಂತ ಖಾರವಾದದ್ದನ್ನು ಕುಡಿಯದ ಅವಳ ಗಂಡ ಕುಡುಕನಾಗಿಬಿಟ್ಟ.

ಗಂಡ ಕಾರು ಓಡಿಸಲು ಕಲಿಸುತ್ತಿದ್ದ. ಕಲಿಯಲು ಬರುವವರು ಅವನನ್ನು ಬೆನ್ನ ಹಿಂದೆ ‘ನಿಧಾನ ಸರ್’ ಅನ್ನುತ್ತಿದ್ದರು. ಅವನಿಗೂ ಅದು ಗೊತ್ತಿತ್ತು, ಬೇಜಾರಿರಲಿಲ್ಲ. ಆ ಕಾರಿನಲ್ಲಿ ಅವನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಇಪ್ಪತ್ತು ವರ್ಷ ಬೇರೆಯವರ ತಪ್ಪನ್ನು ಆ ಬ್ರೇಕಿನಿಂದ ತಡೆದು ತಡೆದು, ಮನೆಯಲ್ಲಿ ಅವಳು ದನಿ ಏರಿಸಿದರೂ ಅವನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಅವಳಿಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆಯಾದರೂ ಈ ಮನುಷ್ಯ ಬೈಯಬಾರದೇ, ಒಂದು ತಟ್ಟೆಯನ್ನಾದರೂ ಎಸೆಯಬಾರದೇ? ಆಗ ಅವಳಿಗೂ ಎಲ್ಲರ ಹಾಗೆ ಒಂದು ಕಾರಣ ಸಿಗುತ್ತಿತ್ತು.

ಭಾನುವಾರ ನಾಲ್ಕು ಗಂಟೆಗೆ ಅಂತ ಆ ದನಿ ಹೇಳಿತ್ತು. ಗಂಡನಿಗೆ ಯೋಗದ ಕ್ಲಾಸು ಅಂತ ಹೇಳಿ ಹೋದಳು. ಅದು ವಾರದ ದಿನಗಳಲ್ಲಿ ಚಿಕ್ಕಮಕ್ಕಳಿಗೆ ಪಾಠ ಹೇಳುವ ಜಾಗ. ಎರಡನೆಯ ಮಹಡಿಯಲ್ಲಿ ಒಂದು ಹಾಲ್, ಅದನ್ನು ಪ್ಲೈವುಡ್ಡಿನ ಅಡ್ಡಗೋಡೆ ನಿಲ್ಲಿಸಿ ಎರಡು ಮಾಡಿದ್ದರು. ಗೋಡೆ ಚಾವಣಿಯವರೆಗೆ ಮುಟ್ಟಿರಲಿಲ್ಲ. ಎಡಗಡೆಯ ಕೋಣೆಯಲ್ಲಿ ಕುಡಿತ ಬಿಡುತ್ತಿರುವ ಗಂಡಸರು, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಮಕ್ಕಳ ಬೆಂಚುಗಳ ಮೇಲೆ ಕೂತಿದ್ದರು. ನಡೆಸುವವರು ಒಬ್ಬ ನಿವೃತ್ತ ಅಂಚೆ ಮಾಸ್ತರು. ಫೋನಿನ ದನಿ ಅವರದೇ. ಅವಳು ಮೆಟ್ಟಿಲು ಹತ್ತುವಾಗ ಎಡಕ್ಕೇ ತಿರುಗಬೇಕು ಅಂದುಕೊಂಡಿದ್ದಳು, ನಿಜವಾಗಿಯೂ. ಒಂದು ಕಾಲನ್ನು ಆ ಕಡೆ ಇಟ್ಟೂ ಆಗಿತ್ತು. ಅಷ್ಟರಲ್ಲಿ ದಪ್ಪ ಕೈಗಳ ಒಬ್ಬ ನರ್ಸಮ್ಮ ಬಂದು ಮೊಣಕೈ ಹಿಡಿದು, ‘ಅದು ಅವರ ಕಡೆ ತಾಯಿ, ನಾವು ಈ ಕಡೆ’ ಅಂತ ಬಲಕ್ಕೆ ಕರೆದೊಯ್ದಳು. ಬಲಗಡೆ ಕುಡುಕರ ಹೆಂಡತಿಯರು. ಒಂಬತ್ತು ಜನ. ಎಲ್ಲರೂ ಸರಿದು ಜಾಗ ಮಾಡಿಕೊಟ್ಟರು. ಅಷ್ಟು ಪ್ರೀತಿಯಿಂದ ಅವಳಿಗೆ ಯಾರಾದರೂ ಜಾಗ ಕೊಟ್ಟು ಬಹಳ ಕಾಲವಾಗಿತ್ತು.

‘ಹೇಳಿಕೊಳ್ಳಮ್ಮ, ಹಗುರಾಗುತ್ತೆ’ ಅಂದಳು ನರ್ಸಮ್ಮ. ಅವಳು ಹೇಳಿದಳು. ತಾನು ಮಾಡಿದ್ದನ್ನೆಲ್ಲ ‘ಅವರು’ ಅಂತ ಸೇರಿಸಿ ಹೇಳಿದಳು. ಬೆಳಿಗ್ಗೆ ಏಳೂವರೆಗೆ ಶುರು ಮಾಡ್ತಾರೆ. ನಾದಿನಿಯ ಮನೆ ಗೃಹಪ್ರವೇಶದಲ್ಲಿ ಬಾಗಿಲು ಅಂತ ಬೀರು ತೆಗೆದು ಒಳಗೆ ಹೋಗೋಕೆ ನೋಡಿದ್ರು. ಬಿಸಿನೀರ ಚೀಲದಲ್ಲಿ ತುಂಬಿಟ್ಟುಕೊಂಡು ಕುಡೀತಾರೆ. ಚೀಲದ ಮಾತಿಗೆ ಇಡೀ ಕೋಣೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿತು. ‘ನಿಮ್ಮೆಜಮಾನ್ರು ಬುದ್ಧಿವಂತರು ಕಣ್ರೀ, ನಮ್ಮವರು ಸಂಡಾಸಿನ ತೊಟ್ಟಿ ದಾಟಿ ಯೋಚನೆನೇ ಮಾಡಲ್ಲ’ ಅಂದಳೊಬ್ಬಳು. ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಯಾಕೆ ಕುಡೀತಾರೆ ಅಂತ ಕೇಳಿದಾಗ, ಚಿಕ್ಕವರಿದ್ದಾಗಲೇ ತಂದೆ ಹೋದರು, ಕೆಲಸದಲ್ಲಿ ಮಾಲೀಕನ ಕಾಟ, ಅಂತ ತನಗೆ ಸಿಗದಿದ್ದ ಕಾರಣಗಳನ್ನೆಲ್ಲ ಗಂಡನಿಗೆ ಧಾರಾಳವಾಗಿ ಕೊಟ್ಟಳು. ಹೊರಗೆ ಬಂದಾಗ ಗಂಟಲು ಒಣಗಿತ್ತು. ಬಸ್ ಸ್ಟಾಪಿನ ಹಿಂದೆ ನಿಂತು ಕೈಚೀಲದ ಬಾಟಲಿಯಿಂದ ಎರಡು ಗುಟುಕು ಕುಡಿದಳು.

ಮುಂದಿನ ಭಾನುವಾರವೂ ಹೋದಳು, ಅದರ ಮುಂದಿನದಕ್ಕೂ. ವಾರವಿಡೀ ಕಾಯುವ ಹಾಗಾಯಿತು. ಕತ್ತಲೆ ಗೂಡಿನಲ್ಲಿ ಯಾರದೋ ಕಣ್ಣಿಗೆ ಬೆಳಕು ಬಿಡುವಾಗಲೂ, ಈ ಸಲ ಏನು ಹೇಳಲಿ ಅಂತಲೇ ಯೋಚನೆ. ಕುಡಿಯುವುದು ಕಡಿಮೆಯಾಗಲಿಲ್ಲ, ಆದರೆ ಈಗ ಕುಡಿಯುವಾಗ ಹೇಳುವುದಕ್ಕೆ ಒಂದು ಸಂಗತಿ ಸಿಕ್ಕಿತು ಎಂಬ ಸಮಾಧಾನ ಇರುತ್ತಿತ್ತು. ಮೂರನೆಯ ವಾರ, ಕತೆಯ ರಭಸದಲ್ಲಿ, ‘ಅಷ್ಟು ಕುಡಿದು ಹೋಗಿ ಕಾರು ಕಲಿಸ್ತಾರೆ ನೋಡಿ, ಇವರ ಧೈರ್ಯ!’ ಅಂದುಬಿಟ್ಟಳು. ಎಲ್ಲರೂ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಬ್ಯೂಟಿಪಾರ್ಲರ್ ಇಟ್ಟುಕೊಂಡಿದ್ದ ಒಬ್ಬಾಕೆ ಮಾತ್ರ, ‘ಯಾವ ಸ್ಕೂಲಲ್ಲಿ?’ ಅಂತ ಕೇಳಿದಳು. ತಡವರಿಸಿದರೆ ಕತೆ ಸುಳ್ಳಾಗುತ್ತದೆ ಅನ್ನಿಸಿ, ಅವಳು ಹೇಳಿಯೂ ಬಿಟ್ಟಳು. ನಾಲ್ಕನೆಯ ವಾರ ಆ ಪಾರ್ಲರಿನಾಕೆ ಬಂದಿರಲಿಲ್ಲ. ಯಾಕೆ ಅಂತ ಇವಳು ಕೇಳಲಿಲ್ಲ.

ಬುಧವಾರ ಗಂಡ ಸಂಜೆ ಐದಕ್ಕೇ ಮನೆಗೆ ಬಂದ. ಬಾಗಿಲಲ್ಲಿ ಕೂತು ಷೂ ಬಿಚ್ಚುತ್ತಾ, ‘ಇವತ್ತೊಂದು ತಮಾಷೆ ಆಯ್ತು’ ಅಂದ. ‘ಓನರ್ ಒಂದು ಮಷೀನ್ ತಂದಿದ್ದಾರೆ, ಬಾಯಲ್ಲಿ ಊದೋದು. ನನ್ನ ಕೈಲಿ ಊದಿಸಿದ್ರು.’

‘ಎಲ್ಲರ ಕೈಲೂ ಊದಿಸಿದ್ರಾ?’

‘ಇಲ್ಲ. ನನ್ನ ಕೈಲಿ ಮಾತ್ರ. ಸರಿಯಾಗಿ ಊದಲಿಲ್ಲ ಅಂತ ಮೂರು ಸಲ. ಕಲಿಯೋಕೆ ಬಂದಿದ್ದವರೆಲ್ಲ ಸಾಲಾಗಿ ನಿಂತು ನೋಡ್ತಿದ್ರು. ಬಲೂನ್ ಮಾರೋನ ಥರ ಆಗಿತ್ತು ನಂಗೆ.’ ಅವನು ನಕ್ಕ. ಷೂವಿನ ದಾರ ಗಂಟು ಬಿದ್ದಿತ್ತು. ಅದನ್ನು ಬಿಡಿಸುತ್ತಲೇ ಇದ್ದ. ‘ಏನೂ ಬರಲಿಲ್ಲ ಅದರಲ್ಲಿ. ಆದ್ರೂ ಒಂದು ತಿಂಗಳು ಕಾರಲ್ಲಿ ಕೂರಬೇಡಿ, ಆಫೀಸಲ್ಲಿ ಅರ್ಜಿ ತುಂಬಿಸಿ ಅಂದ್ರು. ಯಾರೋ ತಾಯಿ ಫೋನ್ ಮಾಡಿದ್ರಂತೆ. ಈ ಮನುಷ್ಯ ಬೆಳಿಗ್ಗೆ ಏಳೂವರೆಯಿಂದಲೇ ಕುಡೀತಾನೆ, ನನ್ನ ಮಗಳನ್ನ ಇವನ ಪಕ್ಕ ಕೂರಿಸಲ್ಲ ಅಂದ್ರಂತೆ.’

‘ಆಕೆಗೆ ಯಾರು ಹೇಳಿದ್ರಂತೆ?’ ಅವಳ ಬಾಯಿ ಅವಳನ್ನು ಕೇಳದೆಯೇ ಕೇಳಿತ್ತು.

ಅವನು ತಲೆ ಎತ್ತಿ ನೋಡಿದ. ಕೆಂಪು ದೀಪದ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುವಾಗ ನೋಡುವ ಹಾಗೆ, ಸಿಟ್ಟಿಲ್ಲದೆ, ಆತುರವೂ ಇಲ್ಲದೆ. ‘ಅದನ್ನ ನಾನು ಕೇಳಲಿಲ್ಲ’ ಅಂದ. ಗಂಟು ಬಿಡಲಿಲ್ಲ, ಷೂವನ್ನು ಹಾಗೇ ಎಳೆದು ತೆಗೆದ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬಿಸಿನೀರ ಚೀಲ ಎತ್ತಿದಳು. ನಾಲ್ಕು ಗುಟುಕಾದರೂ ತಲೆಗೆ ಏನೂ ಹತ್ತಲಿಲ್ಲ. ಗೋಡೆಯ ಆಚೆ ಅವನು ಪಾತ್ರೆ ತೊಳೆಯುವ ಸದ್ದು. ಈ ಕ್ಷಣ ಎದ್ದು ಹೋಗಿ ಹೇಳಬೇಕು ಅಂತ ಅನ್ನಿಸಿತು. ಹೇಳುವುದಕ್ಕೆ ಧೈರ್ಯ ಬೇಕು, ಅದಕ್ಕೆ ಇನ್ನೆರಡು ಗುಟುಕು ಇರಲಿ ಅನ್ನಿಸಿತು. ಎರಡು ಗುಟುಕು ಕುಡಿದ ಮೇಲೆ, ಬಾಯಿ ವಾಸನೆ ಇಟ್ಟುಕೊಂಡು ಹೇಗೆ ಹೇಳುವುದು, ನಾಳೆ ಹೇಳಿದರಾಯಿತು ಅನ್ನಿಸಿತು. ಆರು ವರ್ಷದಿಂದ ಅವಳ ಬಾಳೆಲ್ಲ ಈ ಮೂರು ವಾಕ್ಯಗಳ ನಡುವೆಯೇ ಓಡಾಡಿಕೊಂಡಿತ್ತು.

ನಾಳೆ ಅಂದದ್ದು ಭಾನುವಾರವಾಯಿತು. ಇವತ್ತು ಹೋಗುವುದೇ ಬೇಡ ಅಂತ ಅವಳು ಮಂಚದ ಮೇಲೆ ಕೂತಿದ್ದಾಗ, ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನಿಂತ. ಗಡ್ಡ ಕೆರೆದುಕೊಳ್ಳುವಾಗ ಕಿವಿಯ ಕೆಳಗೆ ಸ್ವಲ್ಪ ಕೊಯ್ದುಕೊಂಡಿದ್ದ.

‘ಹೊತ್ತಾಯ್ತು, ನಡಿ. ನಾನೂ ಬರ್ತೀನಿ.’

‘ಯೋಗಕ್ಕಾ? ಅಲ್ಲಿ ಗಂಡಸರು ಬರೋ ಹಾಗಿಲ್ಲ ರೀ.’

‘ಬರೋ ಹಾಗಿದೆಯಂತೆ. ಆ ಫೋನ್ ಮಾಡಿದ ತಾಯಿ ಓನರಿಗೆ ಹೇಳಿದ್ರಂತೆ, ನಿನ್ನೆ ಗೊತ್ತಾಯ್ತು. ಗಂಡಸರಿಗೆ ಬೇರೆ ಕೋಣೆನೇ ಇದೆಯಂತೆ.’

ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂತರು. ಅವನು ಅಭ್ಯಾಸದಂತೆ, ‘ನೋಡು, ಈ ಡ್ರೈವರ್ ಕ್ಲಚ್ ಮೇಲಿಂದ ಕಾಲೇ ತೆಗೀತಿಲ್ಲ’ ಅಂದ. ಅವಳು ಕಿಟಕಿಯ ಕಡೆ ತಿರುಗಿದಳು. ಹೇಳುವುದಕ್ಕೆ ಆರು ಸ್ಟಾಪುಗಳಷ್ಟು ಸಮಯ ಇತ್ತು. ನಾಲ್ಕನೆಯ ಸ್ಟಾಪಿನಲ್ಲಿ ಅವನು ದನಿ ತಗ್ಗಿಸಿ, ‘ಅಲ್ಲಿ ನಾನು ಏನು ಹೇಳ್ಬೇಕು? ನೀನು ಏನೇನು ಹೇಳಿದ್ದೀಯ ಅಂತ ಗೊತ್ತಿದ್ರೆ ಒಳ್ಳೇದಿತ್ತು. ಇಬ್ಬರ ಮಾತೂ ತಾಳೆ ಆಗ್ಬೇಕಲ್ಲ’ ಅಂದ. ವ್ಯಂಗ್ಯ ಇದೆಯೇ ಅಂತ ಅವಳು ಅವನ ಮುಖದಲ್ಲಿ ಹುಡುಕಿದಳು. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದಳು. ಪರೀಕ್ಷೆಗೆ ಹೊರಟವನ ಹಾಗೆ ಅವನು ನಿಜವಾಗಿಯೇ ಕೇಳುತ್ತಿದ್ದ.

‘ಯಾಕೆ ರೀ ಬರ್ತಿದ್ದೀರಿ ನೀವು?’

‘ನೀನು ಹೋಗ್ತಿದ್ದೀಯಲ್ಲ ಅಲ್ಲಿಗೆ. ನಾನು ಹೋಗದೆ ಇದ್ರೆ ನೀನು ಸುಳ್ಳು ಹೇಳಿದೆ ಅಂತ ಆಗುತ್ತೆ. ಆಮೇಲೆ ನೀನು ಹೋಗೋದೇ ಬಿಟ್ಟುಬಿಡ್ತೀಯ.’

ಮೆಟ್ಟಿಲ ತುದಿಯಲ್ಲಿ ನರ್ಸಮ್ಮ ಅವನನ್ನು ನೋಡಿದವಳೇ ಎರಡೂ ಕೈ ಮುಗಿದು, ‘ಬಂದ್ರಲ್ಲಾ! ದೊಡ್ಡ ಮನಸ್ಸು ಮಾಡಿದ್ರಿ’ ಅಂದಳು. ಎಡಗಡೆಯ ಬಾಗಿಲಲ್ಲಿ ಅಂಚೆ ಮಾಸ್ತರು ಅವನ ಭುಜ ತಟ್ಟಿ ಒಳಗೆ ಕರೆದುಕೊಂಡರು. ಬಲಗಡೆಯಲ್ಲಿ ಅವಳಿಗೆ ಮದುವಣಗಿತ್ತಿಯ ಮರ್ಯಾದೆ. ಒಬ್ಬಳು ತಬ್ಬಿಕೊಂಡಳು. ‘ನಿಮ್ಮಿಂದ ಆಗಿದ್ದು ಇದು’ ಅಂದಳು ಇನ್ನೊಬ್ಬಳು. ಪಾರ್ಲರಿನಾಕೆಯೂ ಇವತ್ತು ಬಂದಿದ್ದಳು. ಅವಳು ಹತ್ತಿರ ಸರಿದು, ‘ತಪ್ಪು ತಿಳ್ಕೋಬೇಡಿ, ಮಗಳ ಜೀವದ ವಿಷಯ ನೋಡಿ, ಅದಕ್ಕೇ ಫೋನ್ ಮಾಡಿದೆ’ ಅಂತ ಕೈ ಹಿಡಿದುಕೊಂಡಳು. ಆ ಕೈಯಿಂದ ಗುಲಾಬಿ ಕ್ರೀಮಿನ ವಾಸನೆ ಬರುತ್ತಿತ್ತು. ಇವಳು ಉಸಿರು ಬಿಗಿಹಿಡಿದು ತಲೆಯಾಡಿಸಿದಳು. ಹೊರಡುವ ಮುಂಚೆ ಕುಡಿದದ್ದು ಇನ್ನೂ ಬಾಯಲ್ಲಿತ್ತು.

ಅಡ್ಡಗೋಡೆಯ ಮೇಲಿಂದ ಗಂಡನ ದನಿ ಕೇಳಿತು. ಹೆಂಗಸರೆಲ್ಲ ಆ ಕಡೆಗೆ ಕಿವಿ ನೆಟ್ಟರು. ‘ನನಗೆ ಮಾತಾಡಿ ಅಭ್ಯಾಸ ಇಲ್ಲ’ ಅಂತ ಶುರು ಮಾಡಿದ ಅವನು, ಹೊಸಬರಿಗೆ ಗೇರು ವಿವರಿಸುವಷ್ಟೇ ನಿಧಾನವಾಗಿ ಹೇಳುತ್ತಾ ಹೋದ. ಬೆಳಿಗ್ಗೆ ಏಳೂವರೆಗೆ ಕೈ ನಡುಗುತ್ತೆ. ಹಾಲಿನ ಪಾತ್ರೆ ಎತ್ತಿದ್ರೆ ಅದರ ಮುಚ್ಚಳ ಟಕಟಕ ಅನ್ನುತ್ತೆ. ಆ ಸದ್ದು ಕೇಳಬಾರದು ಅಂತ ರೇಡಿಯೋ ಹಾಕ್ಕೊಳ್ಳೋದು. ಮಗಳು ಹಾಸ್ಟೆಲಿಂದ ಫೋನ್ ಮಾಡಿದ್ರೆ ಮೂರು ನಿಮಿಷಕ್ಕೇ ಇಟ್ಟುಬಿಡೋದು, ಮಾತು ತೊದಲುತ್ತೆ ಅಂತ. ಒಂದು ಸಲ ಹುಟ್ಟಿದಹಬ್ಬಕ್ಕೆ ಮಗಳು ಬಂದಾಗ ಎರಡು ದಿನ ಕುಡಿಯದೆ ಇದ್ದು, ಮೂರನೇ ದಿನ ಸ್ನಾನದ ಮನೇಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದು. ಇದ್ಯಾವುದನ್ನೂ ಅವಳು ಹೆಂಗಸರಿಗೆ ಹೇಳಿರಲಿಲ್ಲ. ಇದ್ಯಾವುದೂ ಅವನಿಗೆ ಗೊತ್ತಿದೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಬೆಂಚಿನ ಅಂಚನ್ನು ಹಿಡಿದು ಕೂತಳು. ಆರು ವರ್ಷ ತಾನು ಅಡಗಿಕೊಂಡಿದ್ದೇನೆ ಅಂದುಕೊಂಡಿದ್ದ ಜಾಗಕ್ಕೆ ಬಾಗಿಲೇ ಇರಲಿಲ್ಲ. ಅವನು ದಿನಾ ಆ ಕಡೆಯಿಂದ ಹಾದುಹೋಗುವಾಗ ಮುಖ ತಿರುಗಿಸಿಕೊಂಡು ಹೋಗಿದ್ದ, ಅಷ್ಟೇ.

‘ಬಿಸಿನೀರ ಚೀಲದಲ್ಲಿ ಇಡೋದು’ ಅಂದ ಗಂಡ. ಹೆಂಗಸರು ಪರಸ್ಪರ ನೋಡಿ ಮುಗುಳ್ನಕ್ಕರು. ‘ಅದು ಗೊತ್ತಾದ ಮೇಲೆ, ಎರಡು ವರ್ಷದಿಂದ, ದಿನಾ ಅದಕ್ಕೆ ಅರ್ಧ ಲೋಟ ನೀರು ಬೆರೆಸ್ತಿದ್ದೆ. ಸ್ವಲ್ಪವಾದ್ರೂ ಕಡಿಮೆ ಆಗ್ಲಿ ಅಂತ. ಗೊತ್ತಾಗದ ಹಾಗೆ.’

ಎಡಗಡೆಯಿಂದ ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿದಂಥ ಒಂದು ದನಿ: ‘ಯಾರಿಗೆ ಗೊತ್ತಾಗದ ಹಾಗೆ?’

‘ಅಂದ್ರೆ... ನನಗೆ.’

‘ನಿಮ್ಮ ಬ್ರಾಂಡಿಗೆ ನೀವೇ ಕದ್ದು ನೀರು ಹಾಕಿ, ನಿಮಗೇ ಗೊತ್ತಾಗದ ಹಾಗೆ ನೀವೇ ಕುಡೀತಿದ್ರಾ?’

ಎಡಗಡೆಯ ಕೋಣೆ ಹೋ ಅಂತ ನಕ್ಕಿತು. ನಗು ನಿಲ್ಲುವ ಮೊದಲೇ ಆ ದನಿ ಗದರಿತು. ‘ನಗೋದಲ್ಲ. ಈ ಮನುಷ್ಯ ಕುಡಿದವನಲ್ಲ. ಕುಡಿದವನ ಕಣ್ಣೇ ಅಲ್ಲ ಇದು. ಏನ್ರೀ, ನಮ್ಮ ಗೋಳು ಕೇಳಿ ಮಜಾ ತಗೊಳ್ಳೋಕೆ ಬಂದ್ರಾ? ಪೇಪರ್‌ನವರಾ ನೀವು?’ ಬೆಂಚು ಜರುಗಿದ ಸದ್ದು. ‘ಅಯ್ಯೋ ಕೂತ್ಕೊಳ್ಳಿ, ಕೂತ್ಕೊಳ್ಳಿ’ ಅನ್ನುವ ಅಂಚೆ ಮಾಸ್ತರ ದನಿ. ಗಂಡ ಏನೋ ಹೇಳಲು ನೋಡಿ, ‘ಇಲ್ಲ, ನಾನು, ಅದು’ ಅಂತ ತೊದಲಿದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ತೊದಲಿದ್ದನ್ನು ಅವಳು ಕೇಳಿರಲಿಲ್ಲ. ಬಲಗಡೆಯಲ್ಲಿ ಹತ್ತು ಜೊತೆ ಕಣ್ಣುಗಳು ನಿಧಾನವಾಗಿ ಅವಳ ಕಡೆ ತಿರುಗಿದವು. ಹಾಗಾದರೆ ಅದಕ್ಕೇ ತಲೆಗೆ ಹತ್ತುತ್ತಿರಲಿಲ್ಲ, ಅಂತ ಅವಳಿಗೆ ಹೊಳೆಯಿತು. ತನ್ನ ಮೈ ಗಟ್ಟಿಯಾಗುತ್ತಿದೆ ಅಂತ ಎರಡು ವರ್ಷ ಬೀಗುತ್ತಾ ನೀರು ಕುಡಿದಿದ್ದಳಲ್ಲ! ನಗು ಬರಬೇಕಾಗಿತ್ತು. ಅವಳು ಎದ್ದು ನಿಂತದ್ದು, ಬಾಗಿಲು ದಾಟಿದ್ದು, ಎಡಗಡೆಯ ಕೋಣೆಯ ಹೊಸ್ತಿಲಿನಲ್ಲಿದ್ದದ್ದು, ಎಲ್ಲವೂ ಕಾಲುಗಳ ಕೆಲಸ.

ಗಂಡ ಮಕ್ಕಳ ಕರಿಹಲಗೆಯ ಮುಂದೆ, ಪಾಠ ಒಪ್ಪಿಸಲಾಗದವನ ಹಾಗೆ ನಿಂತಿದ್ದ. ಅವನ ಎದುರು ಗದರುತ್ತಿದ್ದವನು ದಪ್ಪ ಕತ್ತಿನ ಒಬ್ಬ ಕ್ರೇನ್ ಆಪರೇಟರು.

‘ಆ ಚೀಲ ನಂದು’ ಅಂದಳು.

ಯಾರಿಗೂ ಅರ್ಥವಾಗಲಿಲ್ಲ. ‘ಕುಡಿಯೋದು ನಾನು. ಇವರಲ್ಲ. ಇವರು ನೀರು ಹಾಕ್ತಿದ್ದವರು.’

‘ಹೆಂಗಸರು...’ ಅಂತ ಅಂಚೆ ಮಾಸ್ತರು ಮೂಗಿನ ತುದಿಯ ಕನ್ನಡಕ ಸರಿಪಡಿಸಿಕೊಂಡರು. ‘ನಮ್ಮಲ್ಲಿ ಇದುವರೆಗೂ ಹೆಂಗಸರು ಬಂದಿಲ್ಲವಲ್ಲ ತಾಯಿ.’

‘ಬಂದಿದ್ದೆ. ನೀವು ಆ ಕಡೆ ಕಳಿಸಿದ್ರಿ.’

ಬಾಗಿಲ ತುಂಬ ಈಗ ಹೆಂಡತಿಯರು. ಪಾರ್ಲರಿನಾಕೆಯ ಮುಖ ಬಿಳಿಚಿಕೊಂಡಿತ್ತು. ‘ಅಯ್ಯೋ, ನಾನು ಆ ಪುಣ್ಯಾತ್ಮರ ಹೊಟ್ಟೆ ಮೇಲೆ ಹೊಡೆದುಬಿಟ್ನಲ್ಲ’ ಅಂದಳು. ಇವಳನ್ನು ನೋಡಿದ ನೋಟದಲ್ಲಿ ಅಸಹ್ಯವೂ ಇತ್ತು, ಬಚ್ಚಿಡಲಿಲ್ಲ. ‘ನಾಳೆನೇ ಫೋನ್ ಮಾಡಿ ಹೇಳ್ತೀನಿ ಸರ್, ನನ್ನ ಮಗಳನ್ನ ನಿಮ್ಮ ಹತ್ರನೇ ಕಳಿಸ್ತೀನಿ.’ ಮೊದಲು ಎಚ್ಚೆತ್ತುಕೊಂಡವಳು ನರ್ಸಮ್ಮ. ಆಸ್ಪತ್ರೆಯಲ್ಲಿ ಎಂಥೆಂಥದ್ದನ್ನೋ ನೋಡಿದ್ದವಳು ಅವಳು. ಗಂಡನ ಹತ್ತಿರ ಬಂದು, ಎಲ್ಲ ಹೊಸಬರನ್ನು ಹಿಡಿಯುವಂತೆ ಮೊಣಕೈ ಹಿಡಿದು, ‘ಹಾಗಾದ್ರೆ ಹೆಂಡತಿ ನೀವು. ನಮ್ಮ ಕಡೆ ಬನ್ನಿ’ ಅಂದಳು. ಅವನು ಹೋದ. ಅವಳ ಪಕ್ಕದಿಂದಲೇ ಹಾದುಹೋದರೂ ಮುಖ ನೋಡಲಿಲ್ಲ. ಅವನ ಕಿವಿಯ ಕೆಳಗಿನ ಗಾಯದಲ್ಲಿ ರಕ್ತ ಮತ್ತೆ ಒಸರಿತ್ತು.

ಅವಳು ಕೂತಳು. ಬೆಂಚು ಗಿಡ್ಡ, ಮೊಣಕಾಲು ಗದ್ದದ ಹತ್ತಿರ ಬಂತು. ಹದಿನಾಲ್ಕು ಗಂಡಸರು ಕಾಯುತ್ತಿದ್ದರು. ಬೀರುವಿನ ಕತೆ, ಕೇಕಿನ ಕತೆ, ಒಂದು ತಿಂಗಳು ಆಚೆ ಕಡೆಯಲ್ಲಿ ಗೆದ್ದ ಕತೆಗಳೆಲ್ಲ ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತಿದ್ದವು. ಒಂದನ್ನು ಶುರು ಮಾಡಿದಳು. ಯಾರೂ ನಗಲಿಲ್ಲ. ಇವರೆಲ್ಲ ಇಂಥದೇ ತಮಾಷೆ ಮಾಡಿ ಹತ್ತಾರು ವರ್ಷ ಮನೆಯವರ ಬಾಯಿ ಮುಚ್ಚಿಸಿದವರು. ಸರಕು ಯಾವುದು, ಪೊಟ್ಟಣ ಯಾವುದು ಅಂತ ಅವರಿಗೆ ಗೊತ್ತಿತ್ತು. ಅವಳು ಅರ್ಧಕ್ಕೇ ನಿಲ್ಲಿಸಿದಳು.

‘ಇವತ್ತು?’ ಅಂದ ಕ್ರೇನಿನವನು. ಗದರುವ ದನಿಯಲ್ಲೇ ಕೇಳಿದ. ಅವನಿಗೆ ಇದ್ದದ್ದು ಅದೊಂದೇ ದನಿ ಅಂತ ಕಾಣುತ್ತೆ.

‘ಬೆಳಿಗ್ಗೆ ಏಳೂವರೆಗೆ. ಹನ್ನೊಂದಕ್ಕೆ. ಇಲ್ಲಿಗೆ ಹೊರಡೋ ಮುಂಚೆ ಒಂದು ಸಲ.’ ತಾನು ಒಂದನ್ನು ಬಿಟ್ಟೆ ಅಂತ ನೆನಪಾಯಿತು. ‘ಊಟದ ಹೊತ್ತಿಗೂ.’

‘ಕಾರಣ?’ ಅಂತ ಯಾರೋ ಹಿಂದಿನಿಂದ ಕೇಳಿದರು.

‘ಇಲ್ಲ.’

‘ನನಗೂ ಇರಲಿಲ್ಲ’ ಅಂದ ಕ್ರೇನಿನವನು. ‘ಇಲ್ಲಿ ಬಂದ ಮೇಲೆ ಮೂರು ಹುಟ್ಟಿಸಿಕೊಂಡೆ. ನಾಳೆ ಏಳೂವರೆಗೆ ಏನು ಮಾಡ್ತೀರಿ?’

ಅವಳು ಎಂದಿನಂತೆ ಒಂದು ಸುಳ್ಳಿಗಾಗಿ ತಡಕಾಡಿದಳು. ಅಳು ಬಂತು. ಅಳುತ್ತಲೇ, ಅಡ್ಡಗೋಡೆಯ ಆಚೆ ತನ್ನ ಗಂಡ ಇದನ್ನೆಲ್ಲ ಕೇಳುತ್ತಿದ್ದಾನೆ ಅಂತ ನೆನಪಾಗಿ, ಆ ಕಡೆಗೆ ಕಿವಿಗೊಟ್ಟಳು. ನರ್ಸಮ್ಮ ಬಾಗಿಲಿಂದ ತಲೆ ಹಾಕಿ, ಒಮ್ಮೆಲೇ ಬಿಟ್ಟರೆ ಮೈ ಕೇಳುವುದಿಲ್ಲ, ನಾಳೆ ಹನ್ನೊಂದಕ್ಕೆ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುತ್ತೇನೆ ಅಂದಳು. ಕ್ರೇನಿನವನು ಜೇಬಿನಿಂದ ಹಳೆಯ ಬಸ್ ಟಿಕೇಟು ತೆಗೆದು ಅದರ ಹಿಂದೆ ನಂಬರು ಬರೆದುಕೊಟ್ಟ. ‘ಏಳೂವರೆಗೆ ನಾನು ಕ್ರೇನಿನ ಏಣಿ ಹತ್ತುತ್ತಾ ಇರ್ತೀನಿ. ಆಗ ಮಾಡಿ.’

ಸೋಮವಾರ ಏಳೂವರೆಗೆ ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಫೋನು ಮಾಡಿದಳು. ಬಲಗೈ ನಡುಗುತ್ತಿತ್ತು, ಅದನ್ನು ತೊಡೆಯ ಕೆಳಗಿಟ್ಟು ಅದರ ಮೇಲೆಯೇ ಕೂತಿದ್ದಳು. ಗಂಡ ಹಿಂದಿನ ಸಂಜೆಯಿಂದ ಮೂರೇ ಮಾತು ಆಡಿದ್ದ: ಊಟ, ದೀಪ, ಬಾಗಿಲು. ಈಗ ನಡುಮನೆಯಲ್ಲಿ ನಿಂತು, ತೆರೆದಿಟ್ಟ ಟಿಫನ್ ಡಬ್ಬಿಯನ್ನು ಮುಚ್ಚುವುದನ್ನೇ ಮರೆತವನ ಹಾಗೆ ನೋಡುತ್ತಿದ್ದ.

‘ಹಲೋ’ ಅಂದಳು.

‘ಮಾತಾಡಬೇಡಿ, ಹತ್ತುತ್ತಾ ಇದ್ದೀನಿ’ ಅಂದಿತು ಕಬ್ಬಿಣದ ದನಿ. ‘ಸುಮ್ನೆ ಹಿಡ್ಕೊಂಡಿರಿ.’

ಅವಳು ಹಿಡಿದುಕೊಂಡಳು. ಎಲ್ಲೋ ಒಂದು ಅರ್ಧ ಕಟ್ಟಿದ ಕಟ್ಟಡದ ಪಕ್ಕ, ಆ ದಪ್ಪ ಮನುಷ್ಯ ಒಂದೊಂದೇ ಮೆಟ್ಟಿಲು ಮೇಲೇರುತ್ತಿದ್ದ. ಅವನ ಉಸಿರು, ಬೂಟಿನ ಠಣ್ ಠಣ್, ಗಾಳಿ, ನಡುನಡುವೆ ಗಾಳಿಗೆ ಒಂದು ಬೈಗುಳ. ಎರಡು ಕಡೆ ನಿಂತು ದಮ್ಮು ತೆಗೆದುಕೊಂಡ. ಅವಳ ಬೆನ್ನಲ್ಲಿ ಬೆವರು ಹರಿಯಿತು. ಗಡಿಯಾರದಲ್ಲಿ ಏಳು ನಲವತ್ತೆರಡು ಆದಾಗ, ಆಚೆ ಕಡೆ ಕ್ರೇನಿನ ಗೂಡಿನ ಬಾಗಿಲು ದಢಾರನೆ ಹಾಕಿದ ಸದ್ದಾಗಿ ಗಾಳಿ ನಿಂತಿತು.

‘ಮೇಲೆ ಬಂದೆ’ ಅಂದ. ‘ಕುಡಿದ್ರಾ?’

‘ಇಲ್ಲ.’

‘ಸರಿ. ಡಾಕ್ಟರ ಹತ್ರ ಹೋಗಿ ಬಂದು, ಒಂದು ಗಂಟೆಗೆ ಮತ್ತೆ ಮಾಡಿ. ನಾನು ಊಟಕ್ಕೆ ಕೂತಿರ್ತೀನಿ, ಆಗ ಮಾತಾಡಬಹುದು.’

ಒಂದು ಗಂಟೆಗೆ ಇನ್ನೂ ಐದು ಗಂಟೆ ಹದಿನೆಂಟು ನಿಮಿಷ ಇತ್ತು. ಅವಳು ಫೋನು ಇಟ್ಟು ಎದ್ದಳು. ತೊಡೆಯ ಕೆಳಗಿನ ಕೈ ಜೋಮು ಹಿಡಿದು, ಯಾರದೋ ಕೈಯ ಹಾಗೆ ನೇತಾಡುತ್ತಿತ್ತು. ಗಂಡ ಬಾಗಿಲ ಹತ್ತಿರ ಕೂತು ಷೂ ಕಟ್ಟಿಕೊಳ್ಳುತ್ತಿದ್ದ. ‘ಪಾರ್ಲರಿನವರ ಮಗಳಿಗೆ ಎಂಟೂವರೆಗೆ ಕ್ಲಾಸಂತೆ, ಓನರ್ ಈಗ ಮೆಸೇಜ್ ಹಾಕಿದ್ರು’ ಅಂದ, ನೆಲಕ್ಕೆ ಹೇಳುವ ಹಾಗೆ. ಅವಳು, ‘ಕುಡಿಯೋದು ನಾನು ಅಂತ ನಿಮ್ಮ ಓನರಿಗೆ ನಾನೇ ಈಗ ಬಂದು ಹೇಳ್ತೀನಿ’ ಅಂದಳು. ಅವನು ಬೇಡ ಅನ್ನಲಿಲ್ಲ. ‘ಹೇಳು. ಹೇಳಲೇಬೇಕು’ ಅಂದ, ಆ ಮಾತು ಗಟ್ಟಿಯಾಗಿ ಬಂತು, ಎಷ್ಟು ಗಟ್ಟಿಯಾಗಿ ಅಂದರೆ ಮನೆಯಲ್ಲಿ ಯಾರೋ ಹೊಸಬರು ಮಾತಾಡಿದ ಹಾಗೆ ಇಬ್ಬರೂ ಒಂದು ಕ್ಷಣ ತಲೆ ಎತ್ತಿದರು. ಆಮೇಲೆ ಅವಳು ಜೋಮು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಉಜ್ಜಿಕೊಳ್ಳುತ್ತಾ, ಚಪ್ಪಲಿ ಹುಡುಕತೊಡಗಿದಳು.